ಪ್ಲಾಸ್ಟಿಕ್ ಮಾದರಿಗಳು: ಗುಣ ಮತ್ತು ಬೆಲೆಯ ಪರೀಕ್ಷೆ

ವಿಮಾನ, ಹಡಗು, ಮೋಟಾರು, ಕಟ್ಟಡ ಮುಂತಾದವುಗಳನ್ನು ಒಂದು ನಿಶ್ಚಿತ ಪ್ರಮಾಣದಲ್ಲಿ ಕಿರಿದುಗೊಳಿಸಿ, ಬಿಡಿ ಭಾಗಗಳಾಗಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ, ಜೋಡಿಸುವ ಕೆಲಸವನ್ನು ಕೊಂಡವನಿಗೇ ಬಿಟ್ಟು ಮಾರುವ ಪೆಟ್ಟಿಗೆಗೆ ‘ಮಾದರಿ ಕಿಟ್’ ಎಂದು ಹೆಸರು. ಇದು ಹುಡುಗರ ಆಟದ ಮಾತು, ಕಲಾ ಕಾಲೇಜಿನ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ಕೆಲವರಾದರೂ ಕೇಳಬಹುದು. ಕೇಳುವುದು ಸಹಜವೇ. ಆದರೆ ಮಾದರಿ ಎಂಬುದು ಮೂಲವಸ್ತುವನ್ನು ಕುರಿತ ಒಂದು ಹೇಳಿಕೆ. ‘ಈ ವಿಮಾನ ಹೀಗಿತ್ತು, ಇಷ್ಟು ಉದ್ದವಿತ್ತು, ಇದರ ರೆಕ್ಕೆ ಈ ಕೋನಕ್ಕೆ ಬಾಗಿತ್ತು’ ಎಂದು ಅದು ಮಾತಿಲ್ಲದೆ ಹೇಳುತ್ತದೆ. ಹೇಳಿಕೆ ಇದ್ದ ಮೇಲೆ ಅದು ನಿಜವೋ ಸುಳ್ಳೋ ಎಂಬ ಪ್ರಶ್ನೆಯೂ ಇದ್ದೇ ಇರುತ್ತದೆ. ಇತಿಹಾಸದ ವಿದ್ಯಾರ್ಥಿ ದಾಖಲೆಯನ್ನು ಪರೀಕ್ಷಿಸುವಂತೆ, ಅರ್ಥಶಾಸ್ತ್ರದ ವಿದ್ಯಾರ್ಥಿ ಬೆಲೆಗೂ ಮೌಲ್ಯಕ್ಕೂ ಇರುವ ಅಂತರವನ್ನು ಅಳೆಯುವಂತೆ ಈ ಪುಟ್ಟ ಪೆಟ್ಟಿಗೆಯನ್ನೂ ಪರೀಕ್ಷಿಸಬಹುದು.

ಇನ್ನೊಂದು ಕಾರಣವೂ ಉಂಟು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ತರುಣನಾಗಲಿ, ಆಳಂದ ಅಫಜಲಪುರಗಳ ಕಡೆಯಿಂದ ಸರಕಾರಿ ಕಾಲೇಜಿಗೆ ಬರುವ ವಿದ್ಯಾರ್ಥಿಯಾಗಲಿ ಇಂಥ ಕಿಟ್ ಬೇಕೆಂದರೆ ಸಾಮಾನ್ಯವಾಗಿ ದೂರದ ನಗರದಿಂದ ತರಿಸಿಕೊಳ್ಳಬೇಕು. ಕೈಯಲ್ಲಿ ಹಿಡಿದು ನೋಡದೆಯೇ ಹಣ ಕೊಡಬೇಕು. ಆ ಹಣವಾದರೂ ಊಟ, ಪುಸ್ತಕ, ಬಸ್ಸಿನ ಪಾಸು ಇವುಗಳಲ್ಲಿ ಉಳಿಸಿದ್ದು. ಕಲಬುರ್ಗಿಯ ಮಾರುಕಟ್ಟೆಯಲ್ಲಿ ತೊಗರಿ ಕೊಳ್ಳುವ ವ್ಯಾಪಾರಿ ಚೀಲದ ಬಾಯಲ್ಲಿರುವ ಕಾಳನ್ನು ನೋಡಿ ಧಾರಣೆ ಹೇಳುವುದಿಲ್ಲ. ಒಳಗಿನಿಂದ ಒಂದು ಹಿಡಿ ತೆಗೆದು ಅಂಗೈಯ ಮೇಲೆ ಹರಡಿ ನೋಡುತ್ತಾನೆ. ಕಿಟ್ಟಿನ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರ ಚೀಲದ ಬಾಯಲ್ಲಿರುವ ಕಾಳಿದ್ದಂತೆ. ಒಳಗಿನ ಹಿಡಿಯನ್ನು ತೆಗೆದು ನೋಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮಾದರಿಯ ಹಿನ್ನೆಲೆ

ದೊಡ್ಡದನ್ನು ಕಿರಿದಾಗಿ ತೋರಿಸುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಗೋಡೆಗಳ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ. ದೇವಾಲಯದ ಮೈಮೇಲೆಯೇ ದೇವಾಲಯದ ಮಾದರಿಗಳು. ನಮ್ಮ ಶಿಲ್ಪಿಗಳು ಮುಖದ ಉದ್ದವನ್ನು ಒಂದು ತಾಲವೆಂದಿಟ್ಟುಕೊಂಡು ಮೂರ್ತಿಯ ಎತ್ತರವನ್ನು ನವತಾಲ, ದಶತಾಲ ಎಂದು ಗೊತ್ತುಮಾಡುತ್ತಿದ್ದರು. ವಿಗ್ರಹ ಗೇಣುದ್ದವಿರಲಿ ಆಳೆತ್ತರವಿರಲಿ, ಅನುಪಾತ ಕೆಡಬಾರದೆಂಬುದೇ ಅದರ ತಿರುಳು. ಆದರೆ ಎಲ್ಲ ಕಿರಿಯ ರೂಪವೂ ಅಳತೆಯ ಮಾದರಿಯಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಕುದುರೆಗೋ ಕಿನ್ನಾಳದ ಮರದ ಬೊಂಬೆಗೋ ಅಡಿಪಟ್ಟಿ ಹಿಡಿಯುವುದು ಅರಸಿಕತನ. ಅವುಗಳ ಬೆಲೆ ಇರುವುದು ಕೈಯ ಹದದಲ್ಲಿ, ಬಣ್ಣದ ಸೊಗಸಿನಲ್ಲಿ. ಪ್ಲಾಸ್ಟಿಕ್ ಕಿಟ್ ಮಾತ್ರ ತಾನು ಇಂತಿಷ್ಟನೆಯ ಒಂದು ಪಾಲು ಎಂದು ತನ್ನ ಪೆಟ್ಟಿಗೆಯ ಮೇಲೆಯೇ ಬರೆದುಕೊಂಡಿರುತ್ತದೆ. ಆದ್ದರಿಂದ ಅಡಿಪಟ್ಟಿಯನ್ನು ಆಹ್ವಾನಿಸಿದವರು ಅದನ್ನು ಮಾಡಿದವರೇ.

ಇಂಗ್ಲೆಂಡಿನ ಫ್ರಾಗ್ ಸಂಸ್ಥೆ 1936ರಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನಿಂದ 1/72 ಪ್ರಮಾಣದ ವಿಮಾನ ಕಿಟ್‌ಗಳನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ಅನಂತರ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಬಳಕೆಗೆ ಬಂದು ಈ ಉದ್ಯಮ ಬೆಳೆಯಿತು. ಏರ್‌ಫಿಕ್ಸ್ ಸಂಸ್ಥೆ 1949ರಲ್ಲಿ ಫರ್ಗುಸನ್ ಟ್ರ್ಯಾಕ್ಟರಿನ ಮಾದರಿಯನ್ನು ಮಾಡಿತು. 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಕಿಟ್ಟನ್ನು ಅಗ್ಗದ ಬೆಲೆಗೆ ಮಾರಿತು. ಮರುವರ್ಷ ಅಮೆರಿಕೆಯ ರೆವೆಲ್ ಸಂಸ್ಥೆ ‘ಮಿಸೌರಿ’ ಯುದ್ಧನೌಕೆಯನ್ನು ತಂದಿತು. ಮೊದಲು ಮರದ ಕೆಲಸ ಮಾಡುತ್ತಿದ್ದ ಜಪಾನಿನ ಟಾಮಿಯಾ ಸಂಸ್ಥೆ 1960ರಲ್ಲಿ ‘ಯಮಾಟೊ’ ನೌಕೆಯ ಪ್ಲಾಸ್ಟಿಕ್ ಕಿಟ್ಟಿನೊಡನೆ ಈ ಕಣಕ್ಕಿಳಿಯಿತು.

ಪ್ರಮಾಣದ ಲೆಕ್ಕ

1/72 ಎಂದರೆ ಮೂಲದ 6 ಅಡಿ ಮಾದರಿಯಲ್ಲಿ 1 ಅಂಗುಲ. 1/48 ಎಂದರೆ ಮೂಲದ 1 ಅಡಿ ಮಾದರಿಯಲ್ಲಿ ಕಾಲು ಅಂಗುಲ. ಈ ಸಂಖ್ಯೆಗಳು ವಿಚಿತ್ರವಾಗಿ ಕಂಡರೂ ಅಡಿ–ಅಂಗುಲಗಳ ಲೆಕ್ಕದಿಂದಲೇ ಹುಟ್ಟಿದವು. ಟ್ಯಾಂಕುಗಳ ಮಾದರಿಗೆ ರೂಢಿಯಾಗಿರುವ 1/35ರ ಕಥೆ ಬೇರೆ. 1960ರ ದಶಕದ ಆರಂಭದಲ್ಲಿ ಟಾಮಿಯಾ ತನ್ನ ‘ಪ್ಯಾಂಥರ್’ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿಗಳು ಹಿಡಿಯುವಂತೆ ಗಾತ್ರ ಗೊತ್ತುಮಾಡಿದಾಗ ಆ ಪ್ರಮಾಣ ಬಂದಿತು. ಬಳಿಕ ಅದೇ ರೂಢಿಯಾಯಿತು.

ಕಣ್ಣಿಗೆ ಪರಿಚಿತವಾದ ಕಟ್ಟಡವನ್ನೇ ತೆಗೆದುಕೊಳ್ಳೋಣ. ಕಲಬುರ್ಗಿಯ ಕೋಟೆಯಲ್ಲಿ 1367ರಲ್ಲಿ ಕಟ್ಟಿದ ಜಾಮಿ ಮಸೀದಿ 216 ಅಡಿ ಉದ್ದ, 176 ಅಡಿ ಅಗಲವಾಗಿದೆ. ಇದನ್ನು 1/72 ಪ್ರಮಾಣದಲ್ಲಿ ಮಾಡಿದರೆ ಉದ್ದ ಸರಿಯಾಗಿ 3 ಅಡಿ. ಅಗಲ 2 ಅಡಿ 5 ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ತರಗತಿಯ ಮೇಜಿನ ಮೇಲೆ ಇಡೀ ಮಸೀದಿ ಕುಳಿತುಕೊಳ್ಳುತ್ತದೆ! ಅದರ ಬಾಗಿಲಲ್ಲಿ ನಿಂತ 168 ಸೆಂಟಿಮೀಟರ್ ಎತ್ತರದ ಮನುಷ್ಯ 23 ಮಿಲಿಮೀಟರ್‌ಗಿಂತ ತುಸು ಎತ್ತರವಿರುತ್ತಾನೆ. ಒಂದು ಎಚ್ಚರಿಕೆ: ಉದ್ದ 72ರಲ್ಲಿ ಒಂದು ಪಾಲಾದರೆ ಮೇಲ್ಮೈ 5,184ರಲ್ಲಿ ಒಂದು ಪಾಲು, ಘನಗಾತ್ರ 3,73,248ರಲ್ಲಿ ಒಂದು ಪಾಲು. 1/48ರ ವಿಮಾನ 1/72ರದಕ್ಕಿಂತ ಉದ್ದದಲ್ಲಿ ಒಂದೂವರೆಪಟ್ಟು ಮಾತ್ರ. ಆದರೆ ಅದು ತುಂಬುವ ಜಾಗ ಮೂರುಪಟ್ಟಿಗಿಂತ ಹೆಚ್ಚು. ವಸತಿಗೃಹದ ಒಂದು ಕಪಾಟಿನಲ್ಲಿ ಬಾಳುವವನು ಬೆಲೆಗಿಂತ ಮೊದಲು ಇದನ್ನು ಲೆಕ್ಕಹಾಕಬೇಕು.

ಮೊದಲ ಪರೀಕ್ಷೆ: ಇದು ಯಾವುದರ ಮಾದರಿ?

ಇತಿಹಾಸಕಾರರು ದಾಖಲೆಗೆ ಎರಡು ಬಗೆಯ ವಿಮರ್ಶೆ ಮಾಡುತ್ತಾರೆ. ಇದು ಹೇಳಿಕೊಳ್ಳುವ ವಸ್ತುವೇ ಹೌದೇ ಎಂದು ನೋಡುವುದು ಬಾಹ್ಯ ವಿಮರ್ಶೆ. ಇದರೊಳಗೆ ಹೇಳಿದ್ದು ನಂಬಲರ್ಹವೇ ಎಂದು ನೋಡುವುದು ಆಂತರಿಕ ವಿಮರ್ಶೆ. ಕಿಟ್ಟಿಗೂ ಇದೇ ಕ್ರಮ.

‘ನ್ಯಾಟ್’ ವಿಮಾನದ ಉದಾಹರಣೆ ನಮಗೆ ಹತ್ತಿರದ್ದು. ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ಪುಟ್ಟ ಯುದ್ಧವಿಮಾನವನ್ನು ಪರವಾನಗಿ ಪಡೆದು ತಯಾರಿಸಿದ್ದು ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆ. 1965 ಮತ್ತು 1971ರ ಯುದ್ಧಗಳಲ್ಲಿ ಅದು ಹೆಸರು ಮಾಡಿತು. ಅದರ ಮೇಲಿನ ಅಭಿಮಾನದಿಂದ ಒಬ್ಬ ವಿದ್ಯಾರ್ಥಿ ‘ನ್ಯಾಟ್’ ಎಂದು ಬರೆದ ಕಿಟ್ಟನ್ನು ತರಿಸಲು ಹೊರಟನೆಂದುಕೊಳ್ಳೋಣ. ಏರ್‌ಫಿಕ್ಸ್‌ನವರ ನ್ಯಾಟ್ ಕಿಟ್ ಇಬ್ಬರು ಕೂರುವ ತರಬೇತಿ ವಿಮಾನದ್ದು. ಬ್ರಿಟಿಷ್ ವಾಯುಪಡೆಯ ‘ರೆಡ್ ಆರೋಸ್’ ತಂಡ ಹಾರಿಸುತ್ತಿದ್ದುದು ಅದನ್ನು. ಭಾರತದ ನ್ಯಾಟ್ ಒಬ್ಬರೇ ಕೂರುವಂಥದು. ಎರಡರ ಹೆಸರೂ ಒಂದೇ, ಒಡಲು ಬೇರೆ. ಒಬ್ಬರ ನ್ಯಾಟ್‌ನ ಉದ್ದ 8.74 ಮೀಟರ್, ರೆಕ್ಕೆಯ ಹರವು 6.73 ಮೀಟರ್. ಇಬ್ಬರದು 9.68 ಮತ್ತು 7.32 ಮೀಟರ್. 1/72ರಲ್ಲಿ ಮೊದಲನೆಯದರ ಉದ್ದ 121.4 ಮಿಲಿಮೀಟರ್ ಆಗಬೇಕಾದರೆ ಎರಡನೆಯದರದು 134.4. ಆ ಕಿಟ್ ತನ್ನ ಮೂಲಕ್ಕೆ ಎಷ್ಟೇ ನಿಷ್ಠವಾಗಿದ್ದರೂ ಬೆಂಗಳೂರಿನ ನ್ಯಾಟ್ ಬೇಕೆಂದವನಿಗೆ ಅದು ಸಲ್ಲದು. ಬಣ್ಣ ಬಳಿದು, ಭಾರತದ ಚಕ್ರಾಕಾರದ ಗುರುತು ಅಂಟಿಸಿದರೆ ಅದು ಬದಲಾಗುವುದಿಲ್ಲ. ಆದ್ದರಿಂದ ಕಿಟ್ ಕೊಳ್ಳುವಾಗ ವಿಮಾನದ ಹೆಸರಿನ ಮುಂದಿರುವ ಅಕ್ಷರ, ಅಂಕೆಗಳನ್ನು ಮೊದಲು ಓದಬೇಕು.

ಈ ವಿಮರ್ಶೆಯಲ್ಲಿ ಅಚ್ಚಿನ ವಯಸ್ಸೂ ಸೇರುತ್ತದೆ. ಉಕ್ಕಿನ ಅಚ್ಚು ಬಹುಕಾಲ ಬಾಳುತ್ತದೆ. ಹಳೆಯ ಅಚ್ಚಿನಿಂದಲೇ ಹೊಸ ಪ್ರತಿಗಳನ್ನು ತೆಗೆದು, ಹೊಸ ಚಿತ್ರದ ಪೆಟ್ಟಿಗೆಯಲ್ಲಿ ಹಾಕಿ, ಹೊಸ ಸಂಖ್ಯೆ ಕೊಟ್ಟು ಮಾರುವುದು ಈ ಉದ್ಯಮದಲ್ಲಿ ಸಾಮಾನ್ಯ. ಒಮ್ಮೊಮ್ಮೆ ಒಂದು ಸಂಸ್ಥೆಯ ಅಚ್ಚು ಇನ್ನೊಂದರ ಪೆಟ್ಟಿಗೆಯಲ್ಲಿ ಬರುವುದೂ ಉಂಟು. ಪೆಟ್ಟಿಗೆಯ ಮೇಲಿನ ಹೊಸ ಇಸವಿ ಅಚ್ಚಿನ ಇಸವಿಯಾಗಿರಬೇಕೆಂದಿಲ್ಲ. ಹಳೆಯ ಗ್ರಂಥಕ್ಕೆ ಹೊಸ ರಟ್ಟು ಹಾಕಿದ ಮಾತ್ರಕ್ಕೆ ಅದು ಪರಿಷ್ಕೃತ ಆವೃತ್ತಿಯಾಗುವುದಿಲ್ಲವಷ್ಟೆ.

ಎರಡನೆಯ ಪರೀಕ್ಷೆ: ಅಳತೆ

ಇದಕ್ಕೆ ಬೇಕಾದದ್ದು ಮಿಲಿಮೀಟರ್ ಗುರುತಿನ ಒಂದು ಅಡಿಪಟ್ಟಿ. ವಿಜ್ಞಾನ ವಿಭಾಗದವರಿಂದ ವರ್ನಿಯರ್ ಕ್ಯಾಲಿಪರ್ ಸಿಕ್ಕರೆ ಇನ್ನೂ ಒಳ್ಳೆಯದು. ಮೂಲದ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದು ಪ್ರಮಾಣದ ಸಂಖ್ಯೆಯಿಂದ ಭಾಗಿಸಿದರೆ ಮಾದರಿಯ ಉದ್ದ ದೊರೆಯುತ್ತದೆ. ನ್ಯಾಟ್‌ನ ಹರವು 6,730 ಮಿಲಿಮೀಟರ್. 72ರಿಂದ ಭಾಗಿಸಿದರೆ 93.5. ಕಿಟ್ಟಿನ ರೆಕ್ಕೆಗಳನ್ನು ಒಡಲಿನೊಡನೆ ಸೇರಿಸಿ ಅಳೆದಾಗ 96 ಬಂದರೆ, 6,730ನ್ನು 96ರಿಂದ ಭಾಗಿಸಿ. ಉತ್ತರ 70 ಬರುತ್ತದೆ. ಆ ಕಿಟ್ 1/72 ಅಲ್ಲ, 1/70 ಎಂದಾಯಿತು. 1950ರ ದಶಕದಲ್ಲಿ ಎಲ್ಲ ವಿಮಾನಗಳನ್ನೂ ಒಂದೇ ಅಳತೆಯ ಪೆಟ್ಟಿಗೆಗೆ ಹೊಂದಿಸಲು ಒಂದೊಂದನ್ನು ಒಂದೊಂದು ಪ್ರಮಾಣದಲ್ಲಿ ಮಾಡಿದ ಸಂಸ್ಥೆಗಳೂ ಇದ್ದವು. ಅಂಥವನ್ನು ಪಕ್ಕಪಕ್ಕ ಇಟ್ಟರೆ ಬಾಂಬರು ಗುಬ್ಬಿಯಾಗಿ, ತರಬೇತಿ ವಿಮಾನ ಹದ್ದಾಗಿ ಕಾಣುತ್ತದೆ.

ನೂರಕ್ಕೆ ಒಂದರಷ್ಟು ವ್ಯತ್ಯಾಸವನ್ನು ಕ್ಷಮಿಸಬಹುದು. ಕಣ್ಣು ಅದನ್ನು ಹಿಡಿಯಲಾರದು. ಆದರೆ ಉದ್ದ, ಹರವು ಸರಿಯಿದ್ದೂ ಆಕಾರ ತಪ್ಪಿರಬಹುದೆಂಬುದನ್ನು ಮರೆಯಬಾರದು. ಮನುಷ್ಯನ ಎತ್ತರವನ್ನು ಸರಿಯಾಗಿ ಬರೆದು ಮೂಗನ್ನು ತಪ್ಪಾಗಿ ಬರೆದ ಚಿತ್ರ ಅವನದಾಗುವುದೇ? ವಿಮಾನದ ಮೂತಿಯ ದುಂಡು, ಗಾಜಿನ ಮುಚ್ಚಳದ ಎತ್ತರ, ರೆಕ್ಕೆ ಹಿಂದಕ್ಕೆ ಬಾಗಿದ ಕೋನ, ಇವೇ ಅದರ ಮುಖಲಕ್ಷಣ. ಪಕ್ಕದಿಂದ ತೆಗೆದ ಒಂದು ಒಳ್ಳೆಯ ಛಾಯಾಚಿತ್ರದೊಡನೆ ಕಿಟ್ಟಿನ ಒಡಲನ್ನು ಹೋಲಿಸಬೇಕು. ಮೂಲವನ್ನೇ ನೋಡುವ ಅವಕಾಶವಿದ್ದರೆ ಅದಕ್ಕಿಂತ ದೊಡ್ಡ ಪ್ರಮಾಣವಿಲ್ಲ. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ತಜ್ಞನ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ‘ಮಾರುತ್’ ವಿಮಾನವನ್ನು ಆ ನಗರದ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಕಣ್ಣಾರೆ ನೋಡಬಹುದು.

ಇನ್ನೊಂದು ಸೂಕ್ಷ್ಮವಿದೆ. ಮೈಮೇಲಿನ ತಗಡುಗಳ ಕೂಡುಗೆರೆಗಳು ಆಳವಾಗಿ, ಎದ್ದು ಕಾಣುವಂತಿದ್ದರೆ ‘ಎಂಥ ವಿವರ!’ ಎಂದು ಅನೇಕರು ಮೆಚ್ಚುತ್ತಾರೆ. ಲೆಕ್ಕ ಹಾಕಿ ನೋಡಿ: 1/72ರ ಮಾದರಿಯಲ್ಲಿ 0.3 ಮಿಲಿಮೀಟರ್ ಅಗಲದ ಗೆರೆ ಎಂದರೆ ಮೂಲದಲ್ಲಿ 21.6 ಮಿಲಿಮೀಟರ್ ಬಿರುಕು! ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡು ಯಾವ ವಿಮಾನವೂ ಹಾರಲಾರದು. ಹಾಗೆಯೇ ರೆಕ್ಕೆಯ ಹಿಂದಿನ ಅಂಚು ಮಾದರಿಯಲ್ಲಿ 1 ಮಿಲಿಮೀಟರ್ ದಪ್ಪವಿದ್ದರೆ ಮೂಲದಲ್ಲಿ 7.2 ಸೆಂಟಿಮೀಟರ್ ದಪ್ಪ. ವಿವರ ಹೆಚ್ಚಿದ್ದ ಮಾತ್ರಕ್ಕೆ ಸತ್ಯ ಹೆಚ್ಚಿದೆ ಎನ್ನಲಾಗದು. ಗೆರೆ ಇರಬೇಕು, ಆದರೆ ಹುಡುಕಿದವನಿಗೆ ಮಾತ್ರ ಕಾಣಬೇಕು.

ಮೂರನೆಯ ಪರೀಕ್ಷೆ: ಅಚ್ಚಿನ ಕೆಲಸ

ದೋಷಗಳನ್ನು ಗುರುತಿಸಲು ಅವು ಹುಟ್ಟುವ ಬಗೆಯನ್ನು ತಿಳಿಯಬೇಕು. ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಿದ ಪಾಲಿಸ್ಟೈರೀನನ್ನು ಎರಡು ಹೋಳಿನ ಲೋಹದ ಅಚ್ಚಿನೊಳಕ್ಕೆ ಭಾರಿ ಒತ್ತಡದಿಂದ ನುಗ್ಗಿಸುತ್ತಾರೆ. ಅದು ಕಾಲುವೆಗಳ ಮೂಲಕ ಹರಿದು ಎಲ್ಲ ಭಾಗಗಳನ್ನೂ ತುಂಬುತ್ತದೆ. ಆರಿದ ಮೇಲೆ ಅಚ್ಚು ತೆರೆದು, ಪಿನ್ನುಗಳಿಂದ ಹೊರಕ್ಕೆ ತಳ್ಳುತ್ತಾರೆ. ಕಾಲುವೆಯಲ್ಲಿ ಉಳಿದ ಪ್ಲಾಸ್ಟಿಕ್ಕೇ ಭಾಗಗಳನ್ನು ಹಿಡಿದಿರುವ ಚೌಕಟ್ಟು.

ಅಚ್ಚಿನ ಹೋಳುಗಳು ಸವೆದು ಸರಿಯಾಗಿ ಕೂಡದಿದ್ದರೆ ಸಂದಿನಿಂದ ಪ್ಲಾಸ್ಟಿಕ್ ಸೋರಿ, ಭಾಗದ ಅಂಚಿನಲ್ಲಿ ತೆಳುವಾದ ಪೊರೆ ನಿಲ್ಲುತ್ತದೆ. ಇದನ್ನು ಫ್ಲ್ಯಾಷ್ ಎನ್ನುತ್ತಾರೆ. ಹಳೆಯ ಅಚ್ಚಿನ ಗುರುತು ಇದು. ಹೋಳುಗಳು ಒಂದಕ್ಕೊಂದು ಜರುಗಿದ್ದರೆ ದುಂಡಗಿನ ಕಂಬಿಯ ಮೇಲೆ ಮೆಟ್ಟಿಲಿನಂತೆ ಏರುತಗ್ಗು ಬರುತ್ತದೆ. ದಪ್ಪನೆಯ ಭಾಗ ತಡವಾಗಿ ಆರಿ ಒಳಕ್ಕೆ ಕುಗ್ಗುವುದರಿಂದ ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ. ತಳ್ಳುವ ಪಿನ್ನುಗಳು ದುಂಡನೆಯ ಗುರುತು ಬಿಡುತ್ತವೆ. ಅವು ಒಳಮೈಯಲ್ಲಿದ್ದರೆ ತೊಂದರೆಯಿಲ್ಲ, ಕಾಣುವ ಕಡೆ ಇದ್ದರೆ ಅದು ಅಚ್ಚು ರೂಪಿಸಿದವನ ಅಲಕ್ಷ್ಯ. ಪ್ಲಾಸ್ಟಿಕ್ ತುದಿಯವರೆಗೆ ಹರಿಯದಿದ್ದರೆ ಭಾಗ ಮೊಟಕಾಗುತ್ತದೆ. ಒಂದೇ ಸಮನಾಗಿ ಆರದಿದ್ದರೆ ರೆಕ್ಕೆ ಸೊಟ್ಟಗಾಗುತ್ತದೆ. ಅದನ್ನು ಗಾಜಿನ ತಟ್ಟೆಯ ಮೇಲಿಟ್ಟರೆ ಸೊಟ್ಟ ತಾನೇ ಕಾಣುತ್ತದೆ.

ಅಂಟಿಸುವ ಮೊದಲು ಒಡಲಿನ ಎರಡು ಹೋಳುಗಳನ್ನು ಕೂಡಿಸಿ ಬೆಳಕಿಗೆ ಹಿಡಿಯಬೇಕು. ಕೂಡಿಕೆಯಲ್ಲಿ ಬೆಳಕು ಹಾಯ್ದರೆ ಅಷ್ಟು ಪುಟ್ಟಿಯ ಕೆಲಸ ಕಾದಿದೆ ಎಂದರ್ಥ. ಗಾಜಿನ ಭಾಗಗಳು ತೆಳುವಾಗಿ, ಅಕ್ಷರದ ಮೇಲಿಟ್ಟರೆ ಅಕ್ಷರ ಓದುವಂತಿರಬೇಕು. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳಲ್ಲಿ, ಅಂದರೆ ಡೆಕಾಲ್‌ಗಳಲ್ಲಿ, ಬಣ್ಣಗಳು ಒಂದರ ಮೇಲೊಂದು ಜರುಗದೆ ಕೂತಿರಬೇಕು. ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ಬಿಳಿಯದು ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳುವಾಗಿದ್ದರೆ ಅಚ್ಚಿನ ಮನೆಯವರು ಕಣ್ಣು ಮುಚ್ಚಿಕೊಂಡಿದ್ದರೆಂದೇ ತಿಳಿಯಬೇಕು.

ದೋಷಗಳ ತೂಕ

ಇಷ್ಟೆಲ್ಲ ಪಟ್ಟಿ ಮಾಡಿದ ಮೇಲೆ ದೋಷಗಳನ್ನು ಎಣಿಸಿ, ಕಡಿಮೆ ದೋಷವಿರುವ ಕಿಟ್ಟೇ ಉತ್ತಮವೆನ್ನಬಹುದೇ? ಕೂಡದು. ದೋಷಗಳನ್ನು ಎಣಿಸಬಾರದು, ತೂಗಬೇಕು. ನನ್ನ ದೃಷ್ಟಿಯಲ್ಲಿ ಅವು ಮೂರು ಬಗೆ.

ಮೊದಲನೆಯದು, ತಾಳ್ಮೆಯಿಂದ ನೀಗುವ ದೋಷ. ಪೊರೆಯನ್ನು ಬ್ಲೇಡಿನಿಂದ ಹೆರೆಯಬಹುದು. ಕುಳಿಗೆ ಪುಟ್ಟಿ ತುಂಬಿ ಮರಳುಕಾಗದದಿಂದ ಉಜ್ಜಬಹುದು. ಸೊಟ್ಟ ಭಾಗವನ್ನು ಬಿಸಿನೀರಿನಲ್ಲಿಟ್ಟು ನಿಧಾನವಾಗಿ ತಿದ್ದಬಹುದು. ಹಳದಿಯಾದ ಡೆಕಾಲ್ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಟ್ಟು ಬಿಳುಪು ತರಬಹುದು. ಎರಡನೆಯದು, ಹಣದಿಂದ ನೀಗುವ ದೋಷ: ಕೆಟ್ಟ ಡೆಕಾಲ್, ಮಂಕು ಗಾಜು, ಕಳೆದ ಚಕ್ರ. ಇವುಗಳಿಗೆ ಬದಲಿ ಕೊಳ್ಳಬಹುದು. ಆ ಹಣವನ್ನೂ ಕಿಟ್ಟಿನ ಬೆಲೆಗೆ ಕೂಡಿಸಬೇಕು. ಮೂರನೆಯದು, ಯಾವುದರಿಂದಲೂ ಸುಲಭವಾಗಿ ನೀಗದ ದೋಷ: ಆಕಾರದ ತಪ್ಪು. ಮೂತಿ ಮೊಂಡಾಗಿದ್ದರೆ, ರೆಕ್ಕೆಯ ಕೋನ ತಪ್ಪಿದ್ದರೆ, ಮೂಲವೇ ಬೇರೆಯಾಗಿದ್ದರೆ ಅದನ್ನು ತಿದ್ದುವುದೆಂದರೆ ಹೊಸದಾಗಿ ಮಾಡಿದಂತೆಯೇ. ಮೊದಲ ಬಗೆಯ ಹತ್ತು ದೋಷಗಳಿಗಿಂತ ಮೂರನೆಯ ಬಗೆಯ ಒಂದು ದೋಷ ಭಾರ. ಆದರೂ ಪೆಟ್ಟಿಗೆ ತೆರೆದೊಡನೆ ಕಣ್ಣಿಗೆ ಬೀಳುವುದು ಮೊದಲ ಬಗೆಯದೇ. ಮೂರನೆಯದು ಅಡಿಪಟ್ಟಿ ಹಿಡಿದವನಿಗಲ್ಲದೆ ಕಾಣದು. ನುಣುಪಾದ, ಹೊಳೆಯುವ ಸುಳ್ಳಿಗಿಂತ ಒರಟಾದ ನಿಜ ಮೇಲು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ.

ಬೆಲೆ ಮತ್ತು ಮೌಲ್ಯ

ಇನ್ನು ಬೆಲೆಯ ಮಾತು. ಬೆಲೆ ಗುಣವನ್ನು ಹೇಳುವುದಿಲ್ಲ. ಅದರಲ್ಲಿ ಹಡಗಿನ ಸಾಗಣೆ, ಅಂಗಡಿಯ ಲಾಭ, ಸರಕಾರದ ಸುಂಕ ಎಲ್ಲವೂ ಅಡಗಿವೆ. ಆಮದು ಸುಂಕದ ಪಟ್ಟಿಯಲ್ಲಿ ಈ ಮಾದರಿಗಳು ಆಟಿಕೆಗಳೊಡನೆ ಒಂದೇ ಶೀರ್ಷಿಕೆಯಡಿ ಬರುತ್ತವೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕ ಏರಿದ ದಿನ ಕಿಟ್ಟಿನ ರೆಕ್ಕೆಯೇನೂ ನೇರವಾಗಲಿಲ್ಲ! ಭಾಗಗಳ ಸಂಖ್ಯೆಯೂ ಒಳ್ಳೆಯ ಅಳತೆಯಲ್ಲ; ಒಂದೇ ತುಂಡಾಗಿ ಬರಬಹುದಾದ ಚಕ್ರವನ್ನು ಆರು ತುಂಡು ಮಾಡಿ ಸಂಖ್ಯೆ ಹೆಚ್ಚಿಸುವುದು ಕಷ್ಟವಲ್ಲ.

ಗಂಟೆಯ ಲೆಕ್ಕ ಇದಕ್ಕಿಂತ ಉಪಯುಕ್ತ. 800 ರೂಪಾಯಿಯ ಕಿಟ್ 8 ಗಂಟೆಯಲ್ಲಿ ಮುಗಿದರೆ ಗಂಟೆಗೆ 100 ರೂಪಾಯಿ ಬಿದ್ದಂತೆ. 2,400 ರೂಪಾಯಿಯದು 60 ಗಂಟೆ ಕೆಲಸ ಕೊಟ್ಟರೆ ಗಂಟೆಗೆ 40 ಮಾತ್ರ. ಆದರೆ ಇಲ್ಲಿಯೂ ಒಂದು ವಿವೇಕ ಬೇಕು. ಮಾಡುವುದರಲ್ಲಿ ಕಳೆದ ಗಂಟೆ ಬೇರೆ, ಇನ್ನೊಬ್ಬರ ಅಲಕ್ಷ್ಯವನ್ನು ತಿದ್ದುವುದರಲ್ಲಿ ಕಳೆದ ಗಂಟೆ ಬೇರೆ. ಮೊದಲನೆಯದು ಲಾಭ, ಎರಡನೆಯದು, ಕಲಿಯುವ ಇಚ್ಛೆಯುಳ್ಳವನಿಗೆ ಲಾಭ, ಉಳಿದವರಿಗೆ ನಷ್ಟ. ಆದ್ದರಿಂದ ಹೊಸಬನು ಸಲೀಸಾಗಿ ಕೂಡುವ ಸಣ್ಣ ಕಿಟ್ಟಿನಿಂದಲೇ ತೊಡಗುವುದು ಲೇಸು.

ಅಪರೂಪದ ಪ್ರಶ್ನೆಯೂ ಇದೆ. ಇಂಗ್ಲೆಂಡಿನ ಸ್ಪಿಟ್‌ಫೈರ್ ವಿಮಾನಕ್ಕೆ ಬೇಕಾದಷ್ಟು ಕಿಟ್‌ಗಳಿವೆ. ನಮ್ಮ ಮಾರುತ್‌ಗೆ, ಕಿರಣ್‌ಗೆ ಅಷ್ಟು ಆಯ್ಕೆಯಿಲ್ಲ. ಕಾರಣ ಸ್ಪಷ್ಟ: ಉಕ್ಕಿನ ಅಚ್ಚಿಗೆ ತಗಲುವ ಭಾರಿ ವೆಚ್ಚವನ್ನು ಸಾವಿರಾರು ಪ್ರತಿಗಳ ಮೇಲೆ ಹಂಚಬೇಕು, ಕೊಳ್ಳುವವರು ಕಡಿಮೆಯಾದರೆ ಅಚ್ಚೇ ಹುಟ್ಟುವುದಿಲ್ಲ. ಅಂಥ ವಿಮಾನಗಳನ್ನು ಸಣ್ಣ ತಯಾರಕರು ರಬ್ಬರಿನಂಥ ಸಿಲಿಕೋನ್ ಅಚ್ಚಿನಲ್ಲಿ ರಾಳ ಹೊಯ್ದು ಮಾಡುತ್ತಾರೆ. ಒಂದೊಂದು ಅಚ್ಚು ಕೆಲವು ಹತ್ತು ಪ್ರತಿಗಳಿಗೆ ಸವೆಯುವುದರಿಂದ ಬೆಲೆ ಹೆಚ್ಚು, ಒರಟೂ ಹೆಚ್ಚು. ಬೀದರದ ಆಕಾಶದಲ್ಲಿ ಸೂರ್ಯಕಿರಣ ತಂಡದವರು ಕಿರಣ್ ವಿಮಾನಗಳನ್ನು ಹಾರಿಸುತ್ತಿದ್ದುದನ್ನು ಬಾಲ್ಯದಲ್ಲಿ ಕಂಡವನಿಗೆ ಆ ಒರಟು ಕಿಟ್ಟಿನ ಮೌಲ್ಯ ಯಾವ ಪಟ್ಟಿಯಲ್ಲಿಯೂ ಸಿಗದು. ಅದನ್ನು ಅವನೇ ನಿರ್ಣಯಿಸಬೇಕು. ಆದರೆ ದೋಷಗಳನ್ನು ತಿಳಿದು ನಿರ್ಣಯಿಸಬೇಕು. ಇನ್ನು ತೆರೆಯದ ಪೆಟ್ಟಿಗೆಗಳನ್ನು ಮುಂದೆ ಬೆಲೆ ಏರೀತೆಂದು ಕೂಡಿಡುವವರಿದ್ದಾರೆ. ಹಳೆಯ ಅಚ್ಚು ಮತ್ತೊಮ್ಮೆ ಪ್ರತಿ ಹಾಕಿತೆಂದರೆ ಆ ಆಸೆ ಮುರಿಯುತ್ತದೆ. ವಿದ್ಯಾರ್ಥಿಗೆ ಅದು ತಕ್ಕ ವ್ಯವಹಾರವಲ್ಲ.

ಉಪಸಂಹಾರ

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಇದು ಯಾವುದರ ಮಾದರಿ? ಅಳತೆ, ಆಕಾರ ನಿಜವೇ? ಇದರ ದೋಷ ನನ್ನ ಕೈಯಿಂದ ನೀಗುವುದೇ? ಇದು ಕೊಡುವ ಕೆಲಸವೂ ಕಲಿಕೆಯೂ ನಾನು ಕೊಡುವ ಹಣಕ್ಕೆ ಸಮವೇ? ಪೆಟ್ಟಿಗೆಯ ಚಿತ್ರವಾಗಲಿ, ಬೆಲೆಯ ಚೀಟಿಯಾಗಲಿ, ಮಾರುವವನ ಮಾತಾಗಲಿ ಈ ನಾಲ್ಕಕ್ಕೂ ಉತ್ತರ ಕೊಡಲಾರವು. ಉತ್ತರ ಇರುವುದು ಅಡಿಪಟ್ಟಿಯಲ್ಲಿ ಮತ್ತು ಅದನ್ನು ಹಿಡಿದ ಕೈಯಲ್ಲಿ. ಓದಿದ್ದನ್ನು, ಕೇಳಿದ್ದನ್ನು ಮೂಲಕ್ಕೆ ಹೋಲಿಸಿ ನೋಡದೆ ಒಪ್ಪದಿರುವ ಅಭ್ಯಾಸವನ್ನು ನಮಗೆ ಅಧ್ಯಾಪಕರು ತರಗತಿಯಲ್ಲಿ ಕಲಿಸುತ್ತಾರೆ. ಬಿಡುವಿನ ವೇಳೆಯಲ್ಲಿ ಒಂದು ಪುಟ್ಟ ವಿಮಾನವೂ ಅದನ್ನೇ ಕಲಿಸಬಲ್ಲದು.

ಕೊನೆಗೊಂದು ಸೂಚನೆ. ಕಿಟ್ಟಿಗೆ ಹಣವಿಲ್ಲದವರು ನಿರಾಶರಾಗಬೇಕಿಲ್ಲ. ಜಾಮಿ ಮಸೀದಿಯ ಉದ್ದಗಲಗಳನ್ನು ಮೇಲೆ ಕೊಟ್ಟಿದೆ. ಉಳಿದ ಅಳತೆಗಳನ್ನು, ಸಂಬಂಧಪಟ್ಟವರ ಅನುಮತಿ ಪಡೆದು, ಇತಿಹಾಸದ ವಿದ್ಯಾರ್ಥಿಗಳು ಗುಂಪಾಗಿ ಹೋಗಿ ಬರೆದುಕೊಂಡು ಬರಬಹುದು. ರಟ್ಟು, ಅಂಟು, ಕತ್ತರಿ, ಮೂರು ಅಡಿಯ ಒಂದು ಹಲಗೆ ಇಷ್ಟಿದ್ದರೆ 1/72ರ ಮಸೀದಿ ನಮ್ಮ ವಾಚನಾಲಯದಲ್ಲಿ ಎದ್ದು ನಿಲ್ಲುತ್ತದೆ. ಅದರ ಅಚ್ಚಿನ ಕೆಲಸ ಒರಟಾಗಿರಬಹುದು. ಅಳತೆ ಮಾತ್ರ ನಿಜವಾಗಿರಲಿ.